ಸವೆದುಹೋಗುವ ತಟ್ಟೆಯ ಸಂಗೀತ

ಲಂಡನ್ನಿನ ಉತ್ತರಭಾಗದ ಹಾಲೋವೇ ಎಂಬ ಪ್ರದೇಶದಲ್ಲಿ ಮ್ಯೂಸಿಕ್ ಹೌಸ್ ಎಂಬ ಹೆಸರಿನ ಪುಟ್ಟ ಕಾರ್ಯಾಗಾರವೊಂದಿದ್ದಿತು. ಇಪ್ಪತ್ತನೆಯ ಶತಮಾನದ ತೊಂಬತ್ತರ ದಶಕದ ನಡುಗಾಲದಲ್ಲಿ, ವಾರಾಂತ್ಯ ಸಮೀಪಿಸಿತೆಂದರೆ ಸಾಕು, ಅದರ ಮೊಗಸಾಲೆಯಲ್ಲಿ ತರುಣರ ಗುಂಪೊಂದು ತಮ್ಮ ತಮ್ಮ ಸರದಿಗಾಗಿ ಗಂಟೆಗಟ್ಟಲೆ ಕಾದು ಕುಳಿತಿರುತ್ತಿದ್ದಿತು. ಒಬ್ಬೊಬ್ಬರ ಬಳಿಯಲ್ಲಿಯೂ ಡ್ಯಾಟ್ ಎಂಬ ಒಂದೊಂದು ಡಿಜಿಟಲ್ ಧ್ವನಿಟೇಪು. ಅದರಲ್ಲಿ ಮೊನ್ನೆ ಮೊನ್ನೆ ಕಟ್ಟಿ ಮುಗಿಸಿದ, ಲೋಕದ ಕಿವಿಗೆ ಇನ್ನೂ ಬೀಳದ ಒಂದು ಕೃತಿ. ಒಳಗಿನ ಕೋಣೆಯಲ್ಲಿ, ಅರಗಿನಂಥ ಲೇಪವಿದ್ದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಯಂತ್ರದ ಸೂಜಿಯು ಆ ಧ್ವನಿಯನ್ನು ಗೀರುಗೀರಾಗಿ ಕೊರೆಯುತ್ತಿದ್ದಿತು. ಹೀಗೆ ಒಂದೇ ಪ್ರತಿಯಾಗಿ ಹುಟ್ಟುತ್ತಿದ್ದ ಆ ತಟ್ಟೆಗೆ ಡಬ್‌ಪ್ಲೇಟ್ ಎಂದು ಹೆಸರು. ಅಂಗಡಿಯಲ್ಲಿ ಮಾರುವ ಗಟ್ಟಿಯಾದ ವಿನೈಲ್ ಮುದ್ರಿಕೆಯಂತೆ ಅದು ಬಾಳತಕ್ಕದ್ದಲ್ಲ. ಮೆತ್ತನೆಯ ಅದರ ಮೈಮೇಲೆ ಸೂಜಿಯು ಹಾಯ್ದಂತೆಲ್ಲ ಧ್ವನಿಯು ಮಂಕಾಗುತ್ತ ಹೋಗಿ, ಐವತ್ತು ಬಾರಿ ನುಡಿಯುವಷ್ಟರಲ್ಲಿ ಅದರ ಆಯುಷ್ಯವು ಬಹುಮಟ್ಟಿಗೆ ತೀರಿರುತ್ತಿದ್ದಿತು.

ಜಂಗಲ್ ಎಂದೂ, ಮುಂದೆ ಡ್ರಮ್ ಅಂಡ್ ಬೇಸ್ ಎಂದೂ ಪ್ರಸಿದ್ಧವಾದ ಸಂಗೀತವು ತನ್ನ ಉಜ್ಜ್ವಲವಾದ ದಿನಗಳನ್ನು ಕಳೆದದ್ದು ಇಂತಹ ತಟ್ಟೆಗಳ ಮೇಲೆ. ಆ ದಿನಗಳನ್ನು ಕಂಡವರು ಇಂದು ಐವತ್ತರ ಆಚೀಚಿನ ವಯಸ್ಸಿನವರು. ಅವರು ಕಲೆತಲ್ಲೆಲ್ಲ ಮಾತು ಆ ಕಾಲಕ್ಕೇ ಹೊರಳುತ್ತದೆ. ಅದನ್ನು ಕಳೆದ ಯೌವನಕ್ಕಾಗಿ ಪಡುವ ಪರಿತಾಪವೆಂದು ತಳ್ಳಿಹಾಕುವವರುಂಟು. ಆದರೆ ಹುಟ್ಟುವಾಗಲೇ ಸವೆತವನ್ನು ಹಣೆಯಲ್ಲಿ ಬರೆಸಿಕೊಂಡು ಬಂದ ಈ ಕಲೆಗೆ ಇಂದು ಚರಿತ್ರೆಯೆಂಬುದೊಂದು ಉಳಿದಿದ್ದರೆ, ಅದು ಉಳಿದಿರುವುದು ಆ ಹಂಬಲದಿಂದಲೇ ಎಂಬುದನ್ನು ಅವರು ಮರೆಯುತ್ತಾರೆ.

ಡಬ್‌ಪ್ಲೇಟಿನ ಮೂಲ ಲಂಡನ್ನಿನಲ್ಲಿಲ್ಲ, ಜಮೈಕಾ ದ್ವೀಪದಲ್ಲಿದೆ. 1960ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿನ ಸ್ಪ್ಯಾನಿಷ್ ಟೌನ್ ಎಂಬ ಊರಿನಲ್ಲಿ ರಡ್ಡಿ ರೆಡ್‌ವುಡ್ ಎಂಬವರು ಸೌಂಡ್ ಸಿಸ್ಟಮ್ ಒಂದನ್ನು ನಡೆಸುತ್ತಿದ್ದರು. ದೈತ್ಯಾಕಾರದ ಸ್ಪೀಕರುಗಳನ್ನು ಬಯಲಿನಲ್ಲಿ ಹೂಡಿ, ಊರ ಜನರನ್ನು ಕುಣಿಸುವ ಸಂಚಾರಿ ಸಂಗೀತಶಾಲೆ ಅದು. ಪ್ಯಾರಗನ್ಸ್ ತಂಡದ ಹಾಡೊಂದನ್ನು ಅವರಿಗಾಗಿ ತಟ್ಟೆಯಲ್ಲಿ ಕೊರೆಯುವಾಗ ಧ್ವನಿತಂತ್ರಜ್ಞರು ಗಾಯಕರ ಕಂಠವನ್ನು ಸೇರಿಸುವುದನ್ನು ಮರೆತರಂತೆ; ವಾದ್ಯಗಳ ನುಡಿ ಮಾತ್ರ ಉಳಿಯಿತು. ರೆಡ್‌ವುಡ್ ಅದನ್ನು ಎಸೆಯಲಿಲ್ಲ. ಅಂದಿನ ರಾತ್ರಿ ಮೊದಲು ಹಾಡನ್ನು ನುಡಿಸಿ, ಅದರ ಬೆನ್ನಿಗೇ ಕಂಠವಿಲ್ಲದ ತಟ್ಟೆಯನ್ನು ಹಾಕಿದಾಗ, ನೆರೆದ ಜನಸ್ತೋಮವೇ ಆ ಬರಿದಾದ ಅವಕಾಶವನ್ನು ತುಂಬಿ ಹಾಡತೊಡಗಿತು. ಡಬ್ ಎಂಬ ಸಂಗೀತಪ್ರಕಾರದ ಬೀಜ ಆ ರಾತ್ರಿಯಲ್ಲಿದೆಯೆಂದು ಬಲ್ಲವರು ಹೇಳುತ್ತಾರೆ. ಇತರರಲ್ಲಿ ಇಲ್ಲದ ತಟ್ಟೆಯೊಂದು ತನ್ನಲ್ಲಿರಬೇಕು, ಅದನ್ನು ಕೇಳಬೇಕಾದರೆ ಜನರು ತನ್ನ ಬಯಲಿಗೇ ಬರಬೇಕು ಎಂಬ ಸ್ಪರ್ಧೆಯೂ ಅಂದಿನಿಂದ ತೀವ್ರವಾಯಿತು.

1948ರಲ್ಲಿ ಎಂಪೈರ್ ವಿಂಡ್‌ರಷ್ ಹಡಗು ಟಿಲ್ಬರಿ ಬಂದರಿಗೆ ಬಂದ ತರುವಾಯ ಬ್ರಿಟನ್ನಿನಲ್ಲಿ ನೆಲಸಿದ ಕೆರಿಬಿಯನ್ ಜನರು ತಮ್ಮೊಡನೆ ಈ ಸಂಪ್ರದಾಯವನ್ನೂ ತಂದರು. ಮ್ಯೂಸಿಕ್ ಹೌಸನ್ನು ನಡೆಸುತ್ತಿದ್ದವರು ಜಮೈಕಾದ ರೆಗೆ ಸಂಗೀತವನ್ನು ನುಡಿಸುವ ಬ್ಲ್ಯಾಕ್ ಸ್ಲೇಟ್ ಎಂಬ ತಂಡದ ಹಿನ್ನೆಲೆಯವರೇ ಆಗಿದ್ದುದು ಆಕಸ್ಮಿಕವಲ್ಲ; ರೆಗೆಗಾಗಿ ತೆರೆದ ಬಾಗಿಲಿನಲ್ಲಿ ಅವರ ನಂತರದ ತಲೆಮಾರು ಬೇರೊಂದು ಸಂಗೀತವನ್ನು ಹೊತ್ತು ಒಳನಡೆಯಿತು.

ಆ ಬೇರೊಂದು ಸಂಗೀತ ರೂಪುಗೊಂಡ ಸ್ಥಳಗಳು ಹಲವು. ಅಭಿಮಾನಿಗಳು ಮೊದಲು ನೆನೆಯುವುದು ಚೇರಿಂಗ್ ಕ್ರಾಸ್ ರೈಲುನಿಲ್ದಾಣದ ಕೆಳಗಣ ಕಮಾನುಗಳಲ್ಲಿದ್ದ ಹೆವನ್ ಎಂಬ ನೃತ್ಯಶಾಲೆಯನ್ನು. ಅಲ್ಲಿ ಗುರುವಾರದ ರಾತ್ರಿಗಳಲ್ಲಿ ನಡೆಯುತ್ತಿದ್ದ ರೇಜ್ ಎಂಬ ಕೂಟದಲ್ಲಿ ಫೇಬಿಯೋ ಮತ್ತು ಗ್ರೂವ್‌ರೈಡರ್ ಎಂಬ ಬ್ರಿಕ್ಸ್‌ಟನ್ನಿನ ಗೆಳೆಯರಿಬ್ಬರು ತಟ್ಟೆಗಳನ್ನು ನುಡಿಸುತ್ತಿದ್ದರು. ತಟ್ಟೆಯನ್ನು ತಿರುಗಿಸುವ ಟೆಕ್ನಿಕ್ಸ್ ಯಂತ್ರದ ಬದಿಯಲ್ಲಿ ವೇಗವನ್ನು ಶೇಕಡಾ 8ರಷ್ಟು ಏರಿಸಲು ಇಳಿಸಲು ಬರುವ ಒಂದು ಜಾರುಗುಬುಟು ಇರುತ್ತದೆ. ಅದನ್ನು ತುದಿಮುಟ್ಟ ತಳ್ಳಿ, ಮಂದಗತಿಯ ತಟ್ಟೆಗಳನ್ನು ಓಡುನಡೆಗೆ ತಂದು, ಸಾಮಾನ್ಯವಾಗಿ ಯಾರೂ ತಿರುಗಿಸಿ ನೋಡದ ಹಿಂಬದಿಯ ಕೃತಿಗಳಲ್ಲಿನ ಒಡೆದ ತಾಳಗಳನ್ನು ಹುಡುಕಿ ಹುಡುಕಿ ಅವರು ನುಡಿಸಿದರು. ಜನರು ಆ ವೇಗಕ್ಕೆ ಒಲಿದರು. ಕೃತಿಗಳನ್ನು ಕಟ್ಟುವವರು ಜನರ ಒಲವನ್ನು ಕಂಡು ಅದೇ ವೇಗದಲ್ಲಿ ಹೊಸದನ್ನು ಕಟ್ಟತೊಡಗಿದರು.

ಆ ಕಟ್ಟಡದ ಮೂಲಶಿಲೆ ಅಮೆರಿಕದಿಂದ ಬಂದದ್ದು. 1969ರಲ್ಲಿ ವಿನ್‌ಸ್ಟನ್ಸ್ ಎಂಬ ತಂಡ ತನ್ನ ಯಶಸ್ವೀ ಗೀತೆಯೊಂದರ ಹಿಂಬದಿಯನ್ನು ತುಂಬುವುದಕ್ಕಾಗಿ ‘ಅಮೆನ್, ಬ್ರದರ್’ ಎಂಬ ವಾದ್ಯಕೃತಿಯನ್ನು ಮುದ್ರಿಸಿತ್ತು. ಅದರ ನಡುವೆ ಉಳಿದ ವಾದ್ಯಗಳೆಲ್ಲವೂ ನಿಂತು, ಗ್ರೆಗರಿ ಕೋಲ್ಮನ್ ಎಂಬ ಡ್ರಮ್‌ವಾದಕರೊಬ್ಬರೇ ನಾಲ್ಕು ಆವರ್ತಗಳನ್ನು ನುಡಿಸುತ್ತಾರೆ. ಕಾಲಾವಧಿ ಏಳು ಸೆಕೆಂಡನ್ನು ಮೀರುವುದಿಲ್ಲ. ಕಡೆಯ ಆವರ್ತಗಳಲ್ಲಿ ಅವರು ಪೆಟ್ಟನ್ನು ಬರಬೇಕಾದ ಎಡೆಯಿಂದ ತುಸು ಸರಿಸಿ ಹಾಕುವುದರಿಂದ ತಾಳವು ಜಾರಿದಂತಾಗಿ ಮರಳಿ ನಿಲ್ಲುತ್ತದೆ. ಅಕಾಯ್ ಸಂಸ್ಥೆಯ ಸ್ಯಾಂಪ್ಲರು ಯಂತ್ರಗಳು ಕೈಗೆಟುಕಿದಾಗ, ಕೆಲವೇ ಸೆಕೆಂಡುಗಳ ಧ್ವನಿಯನ್ನು ಮಾತ್ರ ಹಿಡಿದಿಡಬಲ್ಲ ಅವುಗಳ ಸ್ಮೃತಿಯೊಳಗೆ ಲಂಡನ್ನಿನ ತರುಣರು ಈ ತುಣುಕನ್ನು ಸೇರಿಸಿ, ಪೆಟ್ಟು ಪೆಟ್ಟನ್ನೂ ಬೇರ್ಪಡಿಸಿ, ಹಿಂದುಮುಂದಾಗಿಸಿ, ವೇಗವನ್ನು ನಿಮಿಷಕ್ಕೆ 160 ಮಾತ್ರೆಗಳಿಗೂ ಮೇಲಕ್ಕೆ ಒಯ್ದರು. ಯಾವ ಮಾನವಹಸ್ತವೂ ಅದುವರೆಗೆ ನುಡಿಸದಿದ್ದ ತಾಳ ಅದು; ಆದರೂ ಒಂದೊಂದು ಪೆಟ್ಟಿನಲ್ಲಿಯೂ ಒಬ್ಬ ಮನುಷ್ಯನ ಕೈಯ ಬಿಸಿ ಉಳಿದಿತ್ತು.

ಆ ಓಟದ ಕೆಳಗೆ ಮಂದ್ರಸ್ವರವು ಮಾತ್ರ ಅರ್ಧ ವೇಗದಲ್ಲಿ, ರೆಗೆಯ ಗಾಂಭೀರ್ಯದಿಂದ ನಡೆಯುತ್ತದೆ. ನಮ್ಮ ಸಂಗೀತದ ಪರಿಚಯವುಳ್ಳವರಿಗೆ ಇದು ಬೇಗ ತಿಳಿಯತಕ್ಕ ವಿಷಯ: ಪಲ್ಲವಿಯು ಮೊದಲನೆಯ ಕಾಲದಲ್ಲಿ ಸಾಗುತ್ತಿರುವಾಗಲೇ ಮೃದಂಗವು ಎರಡನೆಯ ಕಾಲದಲ್ಲಿ ಹರಿದರೆ ಕೇಳುವವನ ದೇಹವು ಯಾವ ಕಾಲವನ್ನಾದರೂ ಆಶ್ರಯಿಸಬಹುದಷ್ಟೆ. ಹಾಗೆಯೇ ಜಂಗಲ್ ಕೂಟದಲ್ಲಿ ಒಬ್ಬನು ಡ್ರಮ್ಮಿನ ವೇಗಕ್ಕೆ ಕುಣಿಯುತ್ತಿದ್ದರೆ, ಪಕ್ಕದಲ್ಲಿ ಇನ್ನೊಬ್ಬಳು ಮಂದ್ರದ ನಡೆಗೆ ಮೆಲ್ಲನೆ ತೂಗುತ್ತಿದ್ದಳು. ಇಬ್ಬರೂ ತಾಳ ತಪ್ಪಿದವರಲ್ಲ.

ರೇಜ್ ಕೂಟಕ್ಕೆ ಬರುತ್ತಿದ್ದವರಲ್ಲಿ ಇಬ್ಬರು ಗೆಳತಿಯರಿದ್ದರು: ಕೆಮಿಸ್ಟ್ರಿ ಮತ್ತು ಸ್ಟಾರ್ಮ್ ಎಂಬವು ಅವರು ವೇದಿಕೆಯ ಮೇಲೆ ಧರಿಸಿದ ಹೆಸರುಗಳು. ಈ ಸಂಗೀತದ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಎಲ್ಲರಿಗಿಂತ ಹೆಚ್ಚಾಗಿ ಸೆಳೆದವರು ಇವರೇ. ಗೋಲ್ಡಿ ಎಂಬ ಭಿತ್ತಿಚಿತ್ರಕಾರನನ್ನು ಮೊತ್ತಮೊದಲು ರೇಜ್‌ಗೆ ಕರೆದೊಯ್ದವರು ಇವರು. ಅಲ್ಲಿ ಕೇಳಿದ ಧ್ವನಿಯಿಂದ ಆತನ ಬದುಕಿನ ದಿಕ್ಕೇ ಬದಲಾಯಿತು. 1994ರಲ್ಲಿ ಮೂವರೂ ಕೂಡಿ ಮೆಟಲ್‌ಹೆಡ್ಜ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷ ಗೋಲ್ಡಿಯವರ ‘ಟೈಮ್‌ಲೆಸ್’ ಹೊರಬಂದಾಗ, ಇಪ್ಪತ್ತೊಂದು ನಿಮಿಷಗಳ ಅದರ ಶೀರ್ಷಿಕೆಯ ಕೃತಿಯನ್ನು ಕೇಳಿದ ವಿಮರ್ಶಕರು, ಬಡ ಬಡಾವಣೆಗಳ ಗದ್ದಲವೆಂದು ತಾವು ಬಗೆದಿದ್ದುದರಲ್ಲಿ ಮಹಾಕೃತಿಯೊಂದರ ವಿಸ್ತಾರವನ್ನು ಕಂಡು ಬೆರಗಾದರು. ಪತ್ರಿಕೆಗಳ ಬೆಳಕೆಲ್ಲ ಗೋಲ್ಡಿಯವರ ಮೇಲೆ ಬಿದ್ದಿತು. ಸಂಸ್ಥೆಯ ದೈನಂದಿನ ಹೊರೆಯನ್ನು ಹೊತ್ತು, ಪುರುಷರೇ ತುಂಬಿದ್ದ ವೇದಿಕೆಗಳಲ್ಲಿ ತಮ್ಮ ಕೌಶಲದ ಬಲವೊಂದರಿಂದಲೇ ಸ್ಥಾನವನ್ನು ಗಳಿಸಿದ ಆ ಇಬ್ಬರ ಮೇಲೆ ಅಷ್ಟಾಗಿ ಬೀಳಲಿಲ್ಲ.

ಮೆಟಲ್‌ಹೆಡ್ಜ್ ತನ್ನ ಭಾನುವಾರದ ಕೂಟಗಳನ್ನು 1995ರಿಂದ ಹಾಕ್ಸ್‌ಟನ್ ಚೌಕದ ಬ್ಲೂ ನೋಟ್ ಎಂಬ ಶಾಲೆಯಲ್ಲಿ ನಡೆಸಿತು. ಹಿಂದೆ ಬೇಸ್ ಕ್ಲೆಫ್ ಎಂಬ ಜಾಝ್ ಮಂದಿರವಾಗಿದ್ದ ಕಟ್ಟಡ ಅದು; ಕೆಲವೇ ನೂರು ಜನ ಹಿಡಿಸುವ, ತಗ್ಗಿನ ಮಾಡಿನ, ಬೆವರಿಳಿಯುವ ಸ್ಥಳ. ನಾಳೆ ಸೋಮವಾರ, ಕೆಲಸಕ್ಕೆ ಹೋಗಬೇಕು ಎಂಬ ಅರಿವಿದ್ದೂ ಬರುತ್ತಿದ್ದವರು ಸಂಗೀತಕ್ಕಲ್ಲದೆ ಬೇರಾವುದಕ್ಕೂ ಬರುತ್ತಿರಲಿಲ್ಲ. ಡೇವಿಡ್ ಬೋವಿಯವರಂಥವರು ಕೂಡ ಅಲ್ಲಿಗೆ ಬಂದು ಗುಂಪಿನಲ್ಲಿ ಒಬ್ಬರಾಗಿ ನಿಂತರು.

ಮ್ಯೂಸಿಕ್ ಹೌಸಿನಲ್ಲಿ ಕೊರೆದ ತಟ್ಟೆಗಳಿಗೆ ಪರೀಕ್ಷೆಯ ಸ್ಥಾನ ಇಂಥ ಶಾಲೆಗಳೇ. ಶುಕ್ರವಾರ ಕೊರೆದದ್ದು ಭಾನುವಾರದ ರಾತ್ರಿ ಜನರ ಮುಂದೆ ನುಡಿಯುತ್ತಿದ್ದಿತು. ಅವರು ತಣ್ಣಗೆ ಉಳಿದರೆ ಕಟ್ಟಿದವನು ಮನೆಗೆ ಮರಳಿ ತಿದ್ದುತ್ತಿದ್ದನು. ಒಪ್ಪಿದರೆ ಕೂಗು, ಶಿಳ್ಳೆ, ಗೋಡೆಗೆ ಬಡಿತ. ಆಗ ಡಿಜೆಯು ತಟ್ಟೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ಮೊದಲಿನಿಂದ ಮತ್ತೆ ನುಡಿಸಬೇಕು. ಇದಕ್ಕೆ ರಿವೈಂಡ್ ಎನ್ನುತ್ತಾರೆ. ಈ ವ್ಯವಹಾರದ ಅಂತರಾರ್ಥವನ್ನು ತುಸು ಯೋಚಿಸಬೇಕು. ತಟ್ಟೆಯ ಆಯುಷ್ಯವು ಐವತ್ತು ನುಡಿತಗಳಷ್ಟಾದರೆ, ಜನರ ಒಂದೊಂದು ಮೆಚ್ಚುಗೆಯೂ ಅದರಲ್ಲೊಂದನ್ನು ಕಳೆಯುತ್ತಿದ್ದಿತು. ಎಲ್ಲಕ್ಕಿಂತ ಹೆಚ್ಚು ಪ್ರೀತಿಯನ್ನು ಪಡೆದ ತಟ್ಟೆಯೇ ಎಲ್ಲಕ್ಕಿಂತ ಮೊದಲು ಸಾಯುತ್ತಿದ್ದಿತು. ಅನೇಕ ಕೃತಿಗಳು ಒಂದು ವರ್ಷವೋ ಅದಕ್ಕೂ ಮೇಲ್ಪಟ್ಟೋ ಹೀಗೆ ಕೆಲವರ ಪೆಟ್ಟಿಗೆಗಳಲ್ಲಿ ಮಾತ್ರ ಇದ್ದು ಆಮೇಲೆ ಮಾರುಕಟ್ಟೆಗೆ ಬಂದವು. ಕೆಲವು ಬರಲೇ ಇಲ್ಲ.

ಅದೇ ಬ್ಲೂ ನೋಟಿನಲ್ಲಿ ಸೋಮವಾರದ ರಾತ್ರಿ ತಬಲಾವಾದಕ ತಲ್ವಿನ್ ಸಿಂಗರ ಅನೋಖಾ ಕೂಟ. ಜಂಗಲ್ಲಿನ ಡ್ರಮ್ಮೂ ತಬಲೆಯ ಬೋಲುಗಳೂ ಅಲ್ಲಿ ಒಂದೇ ವೇಗದಲ್ಲಿ ಸಂಧಿಸಿದವು. ದಕ್ಷಿಣ ಏಷ್ಯಾದ ಮೂಲದ ತರುಣರು ತಮ್ಮ ತಂದೆತಾಯಿಗಳ ಸಂಗೀತವನ್ನೂ ತಮ್ಮ ಬೀದಿಯ ಸಂಗೀತವನ್ನೂ ಒಂದೇ ಸೂರಿನಡಿ ಕಂಡರು. 1999ರಲ್ಲಿ ತಲ್ವಿನ್ ಸಿಂಗರ ‘ಓಕೆ’ ಮುದ್ರಿಕೆಗೆ ಮರ್ಕ್ಯುರಿ ಪ್ರಶಸ್ತಿ ಬಂದಿತು. ಅದಕ್ಕೆ ಎರಡು ವರ್ಷ ಮೊದಲು, 1997ರಲ್ಲಿ, ಅದೇ ಪ್ರಶಸ್ತಿ ಬ್ರಿಸ್ಟಲ್ಲಿನ ರೋನಿ ಸೈಜ್ ಮತ್ತು ರೆಪ್ರಜೆಂಟ್ ತಂಡದ ‘ನ್ಯೂ ಫಾರ್ಮ್ಸ್’ ಪಾಲಿಗೆ ಹೋಗಿತ್ತು.

ಇಷ್ಟು ಬೆಳೆದ ಕಲೆಯನ್ನು ಆಳುವವರು ಕಂಡ ಬಗೆ ಬೇರೆ. 1994ರ ಕ್ರಿಮಿನಲ್ ಜಸ್ಟಿಸ್ ಶಾಸನವು ಬಯಲುಕೂಟಗಳನ್ನು ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಡುವಾಗ, ಪುನರಾವರ್ತಿತವಾದ ತಾಳದ ಪೆಟ್ಟುಗಳುಳ್ಳ ಧ್ವನಿಯೂ ಸಂಗೀತದ ವ್ಯಾಖ್ಯೆಯೊಳಗೆ ಬರುವಂತೆ ನೋಡಿಕೊಂಡಿತು. ತಾಳವನ್ನು ಶಾಸನದಲ್ಲಿ ವರ್ಣಿಸಲು ತೊಡಗಿದ ಆ ರಾಜ್ಯವ್ಯವಸ್ಥೆಗೆ ಅದನ್ನು ಕಾಪಾಡಿ ಇಡಬೇಕೆಂಬ ಯೋಚನೆ ಬರಲಿಲ್ಲ. ಹ್ಯಾಕ್ನಿಯ ಬಹುಮಹಡಿ ಕಟ್ಟಡಗಳ ನೆತ್ತಿಯಿಂದ 1991ರಲ್ಲಿ ಪ್ರಸಾರವನ್ನಾರಂಭಿಸಿದ ಕೂಲ್ ಎಫ್‌ಎಂನಂಥ ಪರವಾನಗಿಯಿಲ್ಲದ ಬಾನುಲಿಗಳೇ ಜಂಗಲ್ಲನ್ನು ಮನೆಮನೆಗೆ ಮುಟ್ಟಿಸಿದವು. ಬಿಬಿಸಿಯ ರೇಡಿಯೋ ಒನ್ ಅದಕ್ಕಾಗಿಯೇ ಒಂದು ಕಾರ್ಯಕ್ರಮವನ್ನು ತೆರೆದದ್ದು 1995ರಲ್ಲಿ.

ಆಮೇಲಿನ ಕಥೆ ದುಃಖದ್ದು. ತಾಳವು ಕಠೋರವೂ ಏಕರೂಪವೂ ಆಗುತ್ತ ಬಂದಿತು; ಮಂದ್ರದ ನಡೆಗೆ ತೂಗುತ್ತಿದ್ದವರು ಅನೇಕರು ಗರಾಜ್ ಸಂಗೀತದ ಕಡೆಗೆ ಸರಿದರು. ಬ್ಲೂ ನೋಟ್ ಹಾಕ್ಸ್‌ಟನ್ನಿನಿಂದ ಎತ್ತಂಗಡಿಯಾಯಿತು, ಹಾಕ್ಸ್‌ಟನ್ ದುಬಾರಿಯ ಬಡಾವಣೆಯಾಯಿತು. 1999ರ ಏಪ್ರಿಲ್ 25ರಂದು, ಕಾರ್ಯಕ್ರಮವೊಂದನ್ನು ಮುಗಿಸಿ ಗೆಳತಿಯೊಡನೆ ಕಾರಿನಲ್ಲಿ ಮರಳುತ್ತಿದ್ದ ಕೆಮಿಸ್ಟ್ರಿ, ಮುಂದಿನ ವಾಹನವೊಂದರ ಗಾಲಿಗೆ ಸಿಕ್ಕಿ ರಸ್ತೆಯಿಂದ ಕಿತ್ತು ಹಾರಿಬಂದ ಪ್ರತಿಫಲಕದ ತುಂಡು ಬಡಿದು ತೀರಿಕೊಂಡರು. ಸ್ಟಾರ್ಮ್ ಶೋಕವನ್ನು ನುಂಗಿಕೊಂಡು ಮತ್ತೆ ವೇದಿಕೆಯನ್ನೇರಿದರು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಸಿ.ಡಿ.ಗಳು ತಟ್ಟೆಗಳ ಸ್ಥಾನವನ್ನು ಆಕ್ರಮಿಸಿದವು. ರಾತ್ರಿ ಕಟ್ಟಿದ್ದನ್ನು ಮನೆಯಲ್ಲಿಯೇ ಪ್ರತಿಮಾಡಿಕೊಂಡು ಹೋಗಬಹುದಾದಾಗ ಸರದಿಯ ಸಾಲು ಕರಗಿತು. ಸ್ಪರ್ಧಿಗಳು ಎದುರುಬದುರು ಕುಳಿತು, ಒಳಗಿನಿಂದ ಕೇಳಿಬರುವ ಒಬ್ಬರ ಕೃತಿಗೆ ಇನ್ನೊಬ್ಬರು ಕಿವಿಗೊಟ್ಟು ಕಲಿಯುತ್ತಿದ್ದ ಆ ಮೊಗಸಾಲೆಯ ವಿದ್ಯಾಶಾಲೆಯೂ ಅದರೊಡನೆ ಕರಗಿತು. ಇದಕ್ಕೆ ಸಮನಾದುದನ್ನು ಯಾವ ಅನುಕೂಲವೂ ಹಿಂದಿರುಗಿಸಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಉಳಿದದ್ದೇನು? ಬಾನುಲಿಯಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಸಾಮಾನ್ಯ ಕೇಳುಗರ ಸಂಗ್ರಹ. ರಾತ್ರಿಕೂಟಗಳ ಧ್ವನಿಯನ್ನು ಮುದ್ರಿಸಿ ಕಟ್ಟುಕಟ್ಟಾಗಿ ಮಾರಿದ ಟೇಪುಗಳು. ಅಚ್ಚಿಗೆ ಬಾರದೆ ಹೋದ ಅದೆಷ್ಟೋ ಡಬ್‌ಪ್ಲೇಟುಗಳು ಇಂದು ಬದುಕಿರುವುದು ಆ ಟೇಪುಗಳಲ್ಲಿ, ನಿರೂಪಕನ ಕೂಗು ಜನರ ಶಿಳ್ಳೆಗಳ ನಡುವೆ. ಅವನ್ನು ದಶಕಗಳ ಕಾಲ ಎಸೆಯದೆ ಇಟ್ಟುಕೊಂಡವರು, ಹೆಸರು ತಿಳಿಯದ ಒಂದೊಂದು ಕೃತಿಯ ಕರ್ತೃವನ್ನು ವರ್ಷಗಟ್ಟಲೆ ಅರಸಿದವರು, ಸಂಬಳವೂ ಬಿರುದೂ ಇಲ್ಲದ ಅಭಿಮಾನಿಗಳು. ಗತಕಾಲದ ಹಂಬಲವು ದೌರ್ಬಲ್ಯವೆನ್ನುವವರು ಈ ಕೆಲಸವನ್ನು ತೂಗಿ ನೋಡಲಿ.

ಆ ಹಂಬಲ ಒಂದು ಹಳೆಯ ಸಾಲವನ್ನೂ ನೆನೆಯಿತು. ಸಹಸ್ರಾರು ಕೃತಿಗಳಿಗೆ ಆಧಾರವಾದ ಆ ಏಳು ಸೆಕೆಂಡುಗಳಿಗಾಗಿ ವಿನ್‌ಸ್ಟನ್ಸ್ ತಂಡಕ್ಕೆ ರಾಯಧನವೆಂದು ಬಿಡಿಗಾಸೂ ಸಂದಿರಲಿಲ್ಲ. 2015ರಲ್ಲಿ ಬ್ರಿಟನ್ನಿನ ಅಭಿಮಾನಿಗಳು ಚಂದಾ ಎತ್ತಿ, ಸುಮಾರು 24,000 ಪೌಂಡುಗಳನ್ನು ತಂಡದ ನಾಯಕ ರಿಚರ್ಡ್ ಸ್ಪೆನ್ಸರರಿಗೆ ಅರ್ಪಿಸಿದರು. ಉದ್ಯಮವು ಮಾಡಬೇಕಾಗಿದ್ದುದನ್ನು ಕುಣಿದವರು ಮಾಡಿದರು. ಆದರೆ ಆ ಪೆಟ್ಟುಗಳನ್ನು ಹಾಕಿದ ಕೋಲ್ಮನ್ ಅದನ್ನು ಕಾಣಲಿಲ್ಲ. ಅವರು 2006ರಲ್ಲಿಯೇ ತೀರಿಕೊಂಡಿದ್ದರು. ಹಂಬಲವು ಸತ್ಕಾರ್ಯವಾಗಬಲ್ಲದು, ಆದರೆ ಅದು ಕಾಲವನ್ನು ನೋಡಿ ಏಳಬೇಕು. ತಟ್ಟೆಗಳನ್ನು ಕೊರೆದವರು, ಕೂಟಗಳನ್ನು ನಡೆಸಿದವರು, ಬಾನುಲಿಯ ಕಂಬವನ್ನು ಮಾಳಿಗೆಗೆ ಹೊತ್ತವರು ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಬರೆದಿಟ್ಟುಕೊಳ್ಳುವುದೂ, ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದೂ ಅವರು ಬದುಕಿರುವಾಗಲೇ ಆಗಬೇಕು. ಆ ದಿನಗಳನ್ನು ಪ್ರೀತಿಸುವವರ ಮುಂದೆ ಈಗ ಇರುವ ಕರ್ತವ್ಯ ಇದು.