ಚಕ್ಕಡಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ

ಯರಗಟ್ಟಿಯಲ್ಲಿ ನಿಂತು ಪಡುವಣಕ್ಕೆ ಮುಖ ಮಾಡಿದರೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ, ತೆಂಕಣಕ್ಕೆ ತಿರುಗಿದರೆ ಹುಬ್ಬಳ್ಳಿಯದು. ಬಡಿಗರ ಮೂಲೆಮಟ್ಟದ ಮೂಲೆಯಲ್ಲಿ ಕೂತಂತಿದೆ ನಮ್ಮೂರು. ಆ ಎರಡು ತುದಿಗಳ ನಡುವೆ ದಾರ ಬಿಗಿದು ಅಳೆದರೆ ಸುಮಾರು 75 ಕಿ.ಮೀ.

ತಾಸಿಗೆ 500 ಕಿ.ಮೀ. ಹಾರುವ ಎಟಿಆರ್ ವಿಮಾನಕ್ಕೆ ಇದು 9 ನಿಮಿಷದ ಹಾದಿ. 830 ಕಿ.ಮೀ. ವೇಗದ ಜೆಟ್‌ಗೆ ಐದೂವರೆ ನಿಮಿಷ. ಬಸ್ ಸ್ಟ್ಯಾಂಡಿನ ಚಹಾ ಊದಿ ಕುಡಿಯುವಷ್ಟು ಹೊತ್ತು, ಅಷ್ಟೇ.

ಇದೆಲ್ಲ ಕಾಗದದ ಲೆಕ್ಕ. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳ ರೂಢಿಯ ಅಂದಾಜು. 35,000 ಅಡಿ ಮೇಲಿದ್ದ ಜೆಟ್ ನೆಲ ಮುಟ್ಟಲು ಹಾಗಾದರೆ ಸುಮಾರು 195 ಕಿ.ಮೀ. ಬೇಕು. ಇಳಿಯುವುದಕ್ಕೇ 195, ಇರುವುದೋ 75! ಸಾಂಬ್ರಾದಿಂದ ಎದ್ದದ್ದು ಸರಿಯಾಗಿ ಏರುವ ಮೊದಲೇ ಇಳಿಯಬೇಕು. ವಿಮಾನಕ್ಕೆ ಹುಬ್ಬಳ್ಳಿ ತೀರ ಹತ್ತಿರವಾಯಿತು, ಅದೇ ತೊಂದರೆ.

ಇಲ್ಲ, ಹಾರಿಯೇ ಹೋಗುತ್ತೇನೆ ಎಂದು ಹಟ ಹಿಡಿದರೆ ಬೆಂಗಳೂರಿನಂಥ ಊರು ಸುತ್ತಬೇಕು. ಸಾಂಬ್ರಾದಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ಸುಮಾರು 445 ಕಿ.ಮೀ., ಅಲ್ಲಿಂದ ಹುಬ್ಬಳ್ಳಿಗೆ 370. ಒಟ್ಟು 815. ಇದ್ದ ದೂರದ ಹೆಚ್ಚುಕಡಿಮೆ ಹನ್ನೊಂದು ಪಟ್ಟು!

ಹತ್ತಿರದ ಊರಿಗೆ ವಿಮಾನವೇ ಇಲ್ಲವೆಂದಲ್ಲ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಹಾರುವ ಪುಟ್ಟ ವಿಮಾನದ ಹಾದಿ ಬರೇ 2.7 ಕಿ.ಮೀ. ಹುಬ್ಬಳ್ಳಿಯ ರನ್‌ವೇ ಒಂದೇ 2.6 ಕಿ.ಮೀ. ಇದೆ. ವೇಳಾಪಟ್ಟಿಯಲ್ಲಿ ಆ ಹಾರಾಟಕ್ಕೆ 2 ನಿಮಿಷ. ದಾಖಲೆ 53 ಸೆಕೆಂಡ್. ಅಲ್ಲಿ ನಡುವೆ ಸಮುದ್ರವಿದೆ. ನಮಗೆ ನಡುವೆ ಕಿತ್ತೂರು, ಧಾರವಾಡ.

ಇನ್ನು ಚಕ್ಕಡಿಯ ಮಾತು. ಹುಣ್ಣಿಮೆ ಬಂತೆಂದರೆ ಈ ಸೀಮೆಯ ಎತ್ತುಗಳು ಸವದತ್ತಿಯ ಯಲ್ಲಮ್ಮನ ಗುಡ್ಡದ ದಾರಿ ಹಿಡಿಯುತ್ತವೆ. ಅವುಗಳ ನಡಿಗೆ ತಾಸಿಗೆ 4 ಕಿ.ಮೀ. ಎಂದಿಟ್ಟುಕೊಳ್ಳಿ. ಇದನ್ನು ಒಂದು ದೊಡ್ಡ ಹಾರಾಟದ ಪಕ್ಕ ಇಟ್ಟು ನೋಡೋಣ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ನಿಲ್ಲದೆ ಬೆಂಗಳೂರಿಗೆ ಹಾರಿ ಬಂದರು. ನೇರ ದೂರ ಸುಮಾರು 14,000 ಕಿ.ಮೀ., ಹಿಡಿದದ್ದು ಸುಮಾರು 17 ತಾಸು. ಅವರು ಹೊರಟ ಗಳಿಗೆಗೇ ಸಾಂಬ್ರಾದಿಂದ ಒಂದು ಚಕ್ಕಡಿ ಹೊರಟು, ಎತ್ತುಗಳ ನೊಗ ಇಳಿಸದೆ, ಮೇವು ನೀರಿಲ್ಲದೆ, ನೆಟ್ಟಗೆ ಗೆರೆ ಹಿಡಿದು ನಡೆದಿದ್ದರೆ (ಆ ಪಾಪ ಯಾರೂ ಮಾಡಬಾರದು), ಅವರು ಬೆಂಗಳೂರಲ್ಲಿ ಇಳಿಯುವಾಗ ಚಕ್ಕಡಿಗೆ ಹುಬ್ಬಳ್ಳಿ ಇನ್ನೂ 7 ಕಿ.ಮೀ. ಇರುತ್ತಿತ್ತು.

ಯರಗಟ್ಟಿಯಿಂದ ಹುಬ್ಬಳ್ಳಿಗೆ ಹೋಗುವವರು ಸವದತ್ತಿ ಮೇಲಿಂದ ಧಾರವಾಡಕ್ಕೆ ಹೋಗುವ ಬಸ್ಸು ಹತ್ತಿ.