ಅಣುಜೀವಿಗೆ ಮಳೆಗಂಪಿನ ಪಾಠ

ಬೇಸಗೆಯ ಬಿಸಿಲಿಗೆ ಕಾದು ಬಿರಿದ ನೆಲದ ಮೇಲೆ ಭರಣಿಯದೋ ಕೃತ್ತಿಕೆಯದೋ ಮೊದಲ ಹನಿಗಳು ಬಿದ್ದೊಡನೆ ಏಳುವ ಕಂಪನ್ನು ವರ್ಣಿಸದ ಕವಿ ನಮ್ಮಲ್ಲಿ ವಿರಳ. ಆ ಕಂಪಿನ ಒಂದು ಮುಖ್ಯಾಂಶ ಮಣ್ಣಿನಲ್ಲಿ ವಾಸಿಸುವ, ಕಣ್ಣಿಗೆ ಕಾಣದ ಅಣುಜೀವಿಗಳ ಕೃತಿಯೆಂಬ ಸಂಗತಿಯಾದರೋ ರಸಾಯನಶಾಸ್ತ್ರಜ್ಞರಿಗೆ ಸ್ಪಷ್ಟವಾದದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. 1964ರಲ್ಲಿ ಆಸ್ಟ್ರೇಲಿಯದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು, ಒಣನೆಲವು ಸಸ್ಯಜನ್ಯ ತೈಲಗಳನ್ನು ಹೀರಿಕೊಂಡು ಮಳೆಯೊಡನೆ ಹೊರಗೆಡಹುವ ಪ್ರಕಾರವನ್ನು ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿ, ಆ ಕಂಪಿಗೆ ‘ಪೆಟ್ರಿಕೋರ್’ ಎಂದು ನಾಮಕರಣ ಮಾಡಿದರು. ಮರುವರ್ಷವೇ ಅಮೆರಿಕದಲ್ಲಿ ಗರ್ಬರ್ ಮತ್ತು ಲಶೆವಾಲಿಯೆ ಎಂಬವರು ಮಣ್ಣಿನ ಅಣುಜೀವಿಗಳಿಂದ ‘ಜಿಯೋಸ್ಮಿನ್’ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಹಸಿಮಣ್ಣಿನ ವಾಸನೆಯೆಂದು ನಾವು ಗುರುತಿಸುವುದು ವಿಶೇಷವಾಗಿ ಇದನ್ನೇ. ನೀರಿನ ಒಂದು ಲಕ್ಷ ಕೋಟಿ ಭಾಗದಲ್ಲಿ ಇದರ ಐದು ಹತ್ತು ಭಾಗವಿದ್ದರೂ ಸಾಕು, ಮನುಷ್ಯನ ಮೂಗು ಅದನ್ನು ಪತ್ತೆಹಚ್ಚುತ್ತದೆ. ಬೀಟ್‌ರೂಟಿನ ಮಣ್ಣುವಾಸನೆಯೂ ಕೆರೆಮೀನಿನ ಕೆಸರುವಾಸನೆಯೂ ಇದರ ಮಹಿಮೆಯೇ; ಆಮ್ಲದಲ್ಲಿ ಇದು ಒಡೆದುಹೋಗುವುದೆಂಬುದನ್ನು ನೆನೆದರೆ, ಮೀನಿನ ಸಾರಿಗೆ ಹುಣಸೆಹುಳಿಯನ್ನು ಧಾರಾಳವಾಗಿ ಹಿಂಡುವ ನಮ್ಮ ಗೃಹಿಣಿಯರ ವಿವೇಕಕ್ಕೆ ತಲೆದೂಗಬೇಕೆನಿಸುತ್ತದೆ.

ಈ ಕಂಪನ್ನು ಹಿಡಿದಿಡಬೇಕೆಂಬ ಹಂಬಲ ಹೊಸದಲ್ಲ. ಉತ್ತರ ಪ್ರದೇಶದ ಕನೌಜಿನ ಅತ್ತರುಗಾರರು ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಸಿ, ಅದರ ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸಿ, ‘ಮಿಟ್ಟಿ ಅತ್ತರು’ ಎಂಬ ಪರಿಮಳದ್ರವ್ಯವನ್ನು ಬಹುಕಾಲದಿಂದ ತಯಾರಿಸುತ್ತ ಬಂದಿದ್ದಾರೆ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ಕೆಲವು ವಿದ್ಯಾರ್ಥಿಗಳು ಹಿಡಿದ ದಾರಿ ಬೇರೆ. ಕಲಾವಿದ ಯಶಸ್ ಶೆಟ್ಟಿಯವರ ಮಾರ್ಗದರ್ಶನದಲ್ಲಿ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ನೆರವು ಪಡೆದು, ಅವರು ಮಣ್ಣಿನ ಅಣುಜೀವಿಯ ಕಂಪಿನ ಜೀನನ್ನು ಕರುಳಿನ ನಿವಾಸಿಯಾದ ‘ಇ-ಕೋಲಿ’ ಎಂಬ ಬ್ಯಾಕ್ಟೀರಿಯಾದೊಳಗೆ ನೆಲೆಗೊಳಿಸಿ, ಅದಕ್ಕೆ ಮಳೆಯ ವಾಸನೆಯನ್ನು ಕಲಿಸಹೊರಟರು; ಆ ಪ್ರಯತ್ನದೊಡನೆ ‘ಐಜೆಮ್’ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿಯೂ ಪಾಲ್ಗೊಂಡರು. ಕುಂಚ, ಬಣ್ಣ, ರೇಖೆಗಳ ಅಭ್ಯಾಸಿಗಳು ಪಿಪೆಟ್ಟನ್ನು ಹಿಡಿದ ಈ ಪ್ರಸಂಗ ನಮ್ಮ ವಿಜ್ಞಾನ ಕಾಲೇಜುಗಳ ಗಮನವನ್ನು ಅಂದು ಅಷ್ಟಾಗಿ ಸೆಳೆದಂತೆ ತೋರುವುದಿಲ್ಲ.

ಆ ಸ್ಪರ್ಧೆಯ ಮೂಲ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, ಅಂದರೆ ಎಂ.ಐ.ಟಿ.ಯಲ್ಲಿ, 2003ರ ಜನವರಿಯಲ್ಲಿ ನಡೆದ ಒಂದು ಚಿಕ್ಕ ಶಿಕ್ಷಣಕ್ರಮ. ಮಿನುಗಿ ಆರಿ ಮತ್ತೆ ಮಿನುಗುವ ಜೀವಕೋಶವೊಂದನ್ನು ವಿನ್ಯಾಸಗೊಳಿಸಿರೆಂದು ಅಲ್ಲಿ ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. 2004ರಲ್ಲಿ ಐದು ತಂಡಗಳ ಸ್ಪರ್ಧೆಯಾದ ಅದು 2009ರ ಹೊತ್ತಿಗೆ ನೂರನ್ನು ಮೀರಿ, ಈಗ ಸುಮಾರು 400 ತಂಡಗಳ ಮಹಾಮೇಳವಾಗಿದೆ, ಮೊದಲು ಎಂ.ಐ.ಟಿ.ಯಲ್ಲಿ ಕೂಡುತ್ತಿದ್ದ ಸಮಾವೇಶ 2022ರಿಂದ ಪ್ಯಾರಿಸಿನಲ್ಲಿ ಸೇರುತ್ತಿದೆ.

ಆದರೆ ಜೀವಶಾಸ್ತ್ರದ ಓನಾಮವನ್ನೂ ಆಳವಾಗಿ ಅಭ್ಯಸಿಸದ ವಿದ್ಯಾರ್ಥಿಗಳು ಒಂದೇ ಬೇಸಗೆಯಲ್ಲಿ ಜೀವಕೋಶದ ಒಳಗನ್ನು ತಿದ್ದಲು ಶಕ್ಯವಾಗುವುದು ಹೇಗೆಂಬ ಪ್ರಶ್ನೆ ಸಹಜವಾದದ್ದು. ಅದರ ಉತ್ತರವನ್ನು ಒದಗಿಸಿದಾತ ಟಾಮ್ ನೈಟ್ ಎಂಬ ಗಣಕ ತಂತ್ರಜ್ಞ. ವಿದ್ಯುನ್ಮಂಡಲಗಳ ಬಿಡಿಭಾಗಗಳು ಯಾವ ಕಾರ್ಖಾನೆಯಲ್ಲಿ ತಯಾರಾದರೂ ಪರಸ್ಪರ ಹೊಂದಿಕೊಳ್ಳುವಾಗ ಡಿ.ಎನ್.ಎ. ತುಣುಕುಗಳಿಗೆ ಮಾತ್ರ ಅಂಥ ಏಕರೂಪತೆ ಏಕಿರಬಾರದೆಂದು ಯೋಚಿಸಿದ ಆತ, ಪ್ರತಿಯೊಂದು ತುಣುಕಿನ ಎರಡು ಕೊನೆಗಳಲ್ಲಿಯೂ ನಿಯತವಾದ ಕೆಲವು ಕಿಣ್ವಗಳು ಗುರುತಿಸಿ ಕತ್ತರಿಸಬಲ್ಲ ಅಕ್ಷರಕ್ರಮಗಳನ್ನು ಇರಿಸತಕ್ಕದ್ದೆಂದು 2003ರಲ್ಲಿ ಸೂಚಿಸಿದ. ಇದರ ಚಮತ್ಕಾರವಿರುವುದು ಬೆಸುಗೆಯಲ್ಲಿ: ಎರಡು ತುಣುಕುಗಳು ಕೂಡಿದ ಸಂಧಿಸ್ಥಾನವನ್ನು ಆ ಕಿಣ್ವಗಳು ಮತ್ತೆ ಗುರುತಿಸಲಾರವು, ಹೊರ ಅಂಚುಗಳನ್ನು ಮಾತ್ರ ಎಂದಿನಂತೆ ಗುರುತಿಸುತ್ತವೆ, ಆದಕಾರಣ ಕೂಡಿಕೆಯಿಂದ ಹುಟ್ಟಿದ ದೊಡ್ಡ ತುಣುಕೂ ಮೊದಲಿನ ನಿಯಮಕ್ಕೇ ಒಳಪಟ್ಟು, ಇನ್ನೊಂದರೊಡನೆ ಸೇರಲು ಸಿದ್ಧವಾಗಿರುತ್ತದೆ. ‘ಬಯೋಬ್ರಿಕ್’ ಎಂದು ಕರೆಯಲಾಗುವ ಈ ಜೀವದ ಇಟ್ಟಿಗೆಗಳನ್ನು ಒಣಗಿಸಿ, ಪುಟ್ಟ ಕುಳಿಗಳುಳ್ಳ ಫಲಕಗಳಲ್ಲಿ ತುಂಬಿ, ತಂಡಗಳಿಗೆ ಅಂಚೆಯಲ್ಲಿ ಕಳುಹಿಸುವ ಪದ್ಧತಿ ಬೆಳೆಯಿತು. ತಂಡಗಳು ತಾವು ಹೊಸದಾಗಿ ಕಟ್ಟಿದ ಇಟ್ಟಿಗೆಗಳನ್ನು ಭಂಡಾರಕ್ಕೆ ಮರಳಿಸಿ ಮುಂದಿನವರ ಉಪಯೋಗಕ್ಕೆ ಬಿಡುತ್ತಿದ್ದವು. ಜ್ಞಾನವನ್ನು ಬೀಗಮುದ್ರೆಯೊಳಗಿಡುವ ಪ್ರವೃತ್ತಿ ಜೀವತಂತ್ರಜ್ಞಾನದಲ್ಲಿ ಪ್ರಬಲವಾಗಿರುವಾಗ ಇದು ಶ್ಲಾಘ್ಯವೆಂದೇ ನನ್ನ ಎಣಿಕೆ.

ಜಿಯೋಸ್ಮಿನ್ನಿನ ವಿಷಯಕ್ಕೆ ಬರೋಣ. ಇದನ್ನು ತಯಾರಿಸುವ ಅಣುಜೀವಿಗಳಲ್ಲಿ ಪ್ರಖ್ಯಾತವಾದುದು ಸ್ಟ್ರೆಪ್ಟೊಮೈಸಿಸ್ ವಂಶ. ಕ್ಷಯರೋಗಕ್ಕೆ ಮೊದಲ ಪರಿಣಾಮಕಾರಿ ಔಷಧವಾದ ಸ್ಟ್ರೆಪ್ಟೊಮೈಸಿನ್ ಅನ್ನು ಕೊಟ್ಟ ವಂಶವೂ ಇದೇ. ಇವು ಕಂಪನ್ನು ಬೀರುವುದು ನಮ್ಮ ಕವಿಗಳಿಗಾಗಿ ಅಲ್ಲವಷ್ಟೆ. 2020ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜಿಗಿಯುವ ಕೀಟಸದೃಶ ಜೀವಿಗಳು ಆ ವಾಸನೆಗೆ ಮನಸೋತು ಬಂದು, ಅಣುಜೀವಿಯನ್ನು ತಿಂದು, ಅದರ ಬೀಜಕಣಗಳನ್ನು ಮೈಗೆ ಅಂಟಿಸಿಕೊಂಡು ಬೇರೆಡೆಗೆ ಒಯ್ಯುತ್ತವೆ. ಇಷ್ಟು ಸೂಕ್ಷ್ಮವಾದ ವ್ಯವಹಾರದ ಹಿಂದಿರುವ ರಸಾಯನ ಮಾತ್ರ ಆಶ್ಚರ್ಯಕರವಾಗಿ ಮಿತವ್ಯಯದ್ದು. ಫಾರ್ನೆಸಿಲ್ ಡೈಫಾಸ್ಫೇಟ್ ಎಂಬ, 15 ಇಂಗಾಲದ ಪರಮಾಣುಗಳುಳ್ಳ ದ್ರವ್ಯವನ್ನು ಒಂದೇ ಒಂದು ಕಿಣ್ವವು, ತನ್ನ ಎರಡು ಭಾಗಗಳಲ್ಲಿ ಒಂದರಿಂದ ಅರ್ಧ ಕೆಲಸವನ್ನೂ ಇನ್ನೊಂದರಿಂದ ಉಳಿದುದನ್ನೂ ಪೂರೈಸಿ, ಮೂರು ಇಂಗಾಲಗಳನ್ನು ಕಳಚಿ, 12 ಇಂಗಾಲಗಳ ಜಿಯೋಸ್ಮಿನ್ನಾಗಿ ಪರಿವರ್ತಿಸುತ್ತದೆ. ಕಚ್ಚಾ ದ್ರವ್ಯವಾದ ಫಾರ್ನೆಸಿಲ್ ಡೈಫಾಸ್ಫೇಟಾದರೋ ಇ-ಕೋಲಿಯೊಳಗೆ ಸ್ವಭಾವತಃ ಇರತಕ್ಕದ್ದೇ. ಹೀಗಿರುವುದರಿಂದ ಒಂದು ಜೀನನ್ನು ಎರವಲು ತಂದರೆ ಸಾಕು. ಕಲಾಶಾಲೆಯ ತಂಡವೊಂದು ಇದಕ್ಕಿಂತ ಯುಕ್ತವಾದ ವಸ್ತುವನ್ನು ಆರಿಸಿಕೊಳ್ಳುವುದು ಕಷ್ಟವಿತ್ತು.

ಜೀನನ್ನು ಒಳಸೇರಿಸುವ ವಿಧಾನವೂ ಕೇಳುವುದಕ್ಕೆ ಸರಳ. ಜೀನಿನ ಮುಂದೆ ‘ಇಲ್ಲಿಂದ ಓದತಕ್ಕದ್ದು’ ಎಂಬ ಸಂಕೇತವನ್ನೂ ಹಿಂದೆ ‘ಇಲ್ಲಿಗೆ ನಿಲ್ಲತಕ್ಕದ್ದು’ ಎಂಬುದನ್ನೂ ಜೋಡಿಸಿ, ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿ.ಎನ್.ಎ.ಯಲ್ಲಿ ಕೂರಿಸುತ್ತಾರೆ. ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣದಲ್ಲಿ ನೆನೆದು ಮಂಜುಗಡ್ಡೆಯ ಮೇಲೆ ತಣ್ಣಗಿರುವ ಬ್ಯಾಕ್ಟೀರಿಯಾವನ್ನು, ಪ್ಲಾಸ್ಮಿಡ್ಡಿನೊಡನೆ ಬೆರೆಸಿ, ಒಂದು ನಿಮಿಷಕ್ಕೂ ಕಡಿಮೆ ಕಾಲ 42 ಡಿಗ್ರಿಯ ಬಿಸಿನೀರಿನಲ್ಲಿಟ್ಟರೆ, ಆ ಆಘಾತದಲ್ಲಿ ಕೆಲವು ಕೋಶಗಳು ಉಂಗುರವನ್ನು ಒಳಗೆ ಎಳೆದುಕೊಳ್ಳುತ್ತವೆ. ಎಳೆದುಕೊಂಡವು ಯಾವುವೆಂದು ತಿಳಿಯುವ ಉಪಾಯ ಕ್ರೂರವೂ ನಿಶ್ಚಿತವೂ ಆದದ್ದು: ಪ್ಲಾಸ್ಮಿಡ್ಡಿನಲ್ಲಿ ಆಂಟಿಬಯಾಟಿಕ್ ಔಷಧವೊಂದನ್ನು ತಡೆಯುವ ಜೀನೂ ಇರುವುದರಿಂದ, ಆ ಔಷಧ ಬೆರೆಸಿದ ಅಗರಿನ ತಟ್ಟೆಯ ಮೇಲೆ ಹರಡಿ 37 ಡಿಗ್ರಿಯ ಕಾವಿನಲ್ಲಿ ರಾತ್ರಿ ಕಳೆಯಲು ಬಿಟ್ಟರೆ, ಪ್ಲಾಸ್ಮಿಡ್ ಪಡೆದವುಗಳ ವಿನಾ ಮಿಕ್ಕವು ವೃದ್ಧಿಯಾಗಲಾರವು.

ಇಲ್ಲಿಂದ ಮುಂದೆ ಸರಳತೆ ಮುಗಿಯುತ್ತದೆ. ಎರವಲಿನ ಜೀನು ಕೋಶಕ್ಕೆ ಮನೆಗೆ ಬಂದ ಅತಿಥಿಯಂತೆ: ಅದಕ್ಕೆ ಉಣಬಡಿಸುವ ಖರ್ಚು ಮನೆಯವರದು, ಲಾಭವೆಂಬುದು ಇಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲ ಇ-ಕೋಲಿಯ ಸಮೂಹದಲ್ಲಿ ಯಾವುದೋ ಒಂದು ಕೋಶ ಆಕಸ್ಮಿಕ ವಿಕೃತಿಯಿಂದ ಆ ಹೊರೆಯನ್ನು ಕಳೆದುಕೊಂಡರೆ, ಅದರ ಸಂತತಿ ಉಳಿದವುಗಳಿಗಿಂತ ವೇಗವಾಗಿ ಬೆಳೆದು ಪಾತ್ರೆಯನ್ನೆಲ್ಲ ಆಕ್ರಮಿಸುತ್ತದೆ; ವಿದ್ಯಾರ್ಥಿಗಳು ಬಯಸಿದ ಕಂಪು ಆಗ ದಿನೇದಿನೇ ಕ್ಷೀಣಿಸಬಹುದು. ಇದರ ಮೇಲೆ ಇ-ಕೋಲಿಗೆ ತನ್ನದೇ ಆದ ದುರ್ವಾಸನೆಯೊಂದುಂಟು, ಇಂಡೋಲ್ ಎಂಬ ದ್ರವ್ಯದ್ದು. 2006ರಲ್ಲಿ ಎಂ.ಐ.ಟಿ.ಯ ತಂಡ, ಬೆಳೆಯುವಾಗ ವಿಂಟರ್‌ಗ್ರೀನ್ ಎಣ್ಣೆಯ, ಅಂದರೆ ನಮ್ಮ ಮೈಕೈ ನೋವಿನ ಮುಲಾಮುಗಳ ವಾಸನೆಯನ್ನೂ, ಬೆಳವಣಿಗೆ ನಿಂತಾಗ ಬಾಳೆಹಣ್ಣಿನ ವಾಸನೆಯನ್ನೂ ಬೀರುವ ಇ-ಕೋಲಿಯನ್ನು ಕಟ್ಟಿದಾಗ, ಇಂಡೋಲನ್ನು ತಯಾರಿಸಲಾರದ ತಳಿಯೊಂದನ್ನು ಮೊದಲು ಹುಡುಕಿಕೊಳ್ಳಬೇಕಾಯಿತು. ಸುವಾಸನೆಯನ್ನು ಕೂಡಿಸುವುದಕ್ಕೆ ಮುಂಚೆ ದುರ್ವಾಸನೆಯನ್ನು ಕಳೆಯಬೇಕಾದ ಈ ಕಥೆಯಲ್ಲಿ, ಜೀವವನ್ನು ಬಿಡಿಭಾಗಗಳಿಂದ ಜೋಡಿಸುವ ಯಂತ್ರವೆಂದು ಎಣಿಸುವ ತಂತ್ರಜ್ಞನ ಆತ್ಮವಿಶ್ವಾಸಕ್ಕೆ ತಕ್ಕ ತಿದ್ದುಪಡಿಯಿದೆ.

2009ರ ಮಹಾಪ್ರಶಸ್ತಿ ಇಂಗ್ಲೆಂಡಿನ ಕೇಂಬ್ರಿಜ್ ತಂಡಕ್ಕೆ ಸಂದಿತು. ಅವರ ಇ-ಕೋಲಿ ನೇರಿಳೆ, ಕಿತ್ತಳೆ, ಕಂದು ಮೊದಲಾದ ವರ್ಣಗಳನ್ನು ತಾಳಬಲ್ಲದಾಗಿದ್ದು, ನೀರಿನಲ್ಲಿರುವ ವಿಷಗಳನ್ನು ಬಣ್ಣದಿಂದ ಸೂಚಿಸುವ ಸಾಧನಕ್ಕೆ ನೆರವಾಗಬೇಕೆಂಬುದು ಉದ್ದೇಶ. ಪ್ರಯೋಜನದ ಭರವಸೆ ಈ ಸ್ಪರ್ಧೆಯಲ್ಲಿ ಯಾವಾಗಲೂ ಬೆಲೆಯುಳ್ಳದ್ದು. ರೋಗವನ್ನು ಗುಣಪಡಿಸುತ್ತೇವೆ, ಪ್ಲಾಸ್ಟಿಕ್ಕನ್ನು ಕರಗಿಸುತ್ತೇವೆ ಎಂದು ಇಪ್ಪತ್ತು ವರ್ಷದ ತರುಣರು ಒಂದು ಬೇಸಗೆಯ ಅವಧಿಗೆ ಸಂಕಲ್ಪ ತೊಡುವುದನ್ನು ಕಂಡರೆ ಸಂತೋಷವೂ ಸ್ವಲ್ಪ ಶಂಕೆಯೂ ಉಂಟಾಗುತ್ತದೆ. ಬೆಂಗಳೂರಿನ ತಂಡ ಕೈಗೆತ್ತಿಕೊಂಡ ಮಳೆಗಂಪಿನಿಂದ ಲೋಕಕ್ಕೆ ತತ್‌ಕ್ಷಣದ ಉಪಕಾರವೇನೂ ಇರಲಿಲ್ಲ. ಆದರೂ ತನ್ನ ನೆಲದ ಅನುಭವವೊಂದನ್ನು ಪರದೇಶದ ಇಟ್ಟಿಗೆಗಳಿಂದ ಕಟ್ಟಲು ಸಾಧ್ಯವೇ, ಕಟ್ಟಿದರೆ ಅದು ಅದೇ ಅನುಭವವೇ ಎಂದು ಕೇಳುವ ಪ್ರಶ್ನೆ ಪ್ರಾಮಾಣಿಕವಾದದ್ದು, ಮತ್ತು ಅದನ್ನು ಕೇಳಲು ವಿಜ್ಞಾನದ ಪದವೀಧರನಿಗಿಂತ ಚಿತ್ರಕಾರನೇ ಹೆಚ್ಚು ಅರ್ಹನೆಂದು ನನಗೆ ತೋರುತ್ತದೆ.

ಕುಲಾಂತರಿಸಿದ ಅಣುಜೀವಿಗಳನ್ನು ಮನಬಂದಂತೆ ಹೊರಗೆ ಬಿಡಲು ನಮ್ಮ ಕಾನೂನು ಅನುಮತಿಸುವುದಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 1989ರಲ್ಲಿ ರಚಿತವಾದ ನಿಯಮಗಳು ಇವುಗಳ ತಯಾರಿಕೆ, ಬಳಕೆ, ದಾಸ್ತಾನುಗಳೆಲ್ಲವನ್ನೂ ಆಳುತ್ತವೆ. ಆದುದರಿಂದ ಕೆಲಸ ಮುಗಿದ ತಟ್ಟೆಗಳೆಲ್ಲ ಒತ್ತಡದ ಹಬೆಯ ಪಾತ್ರೆಯಲ್ಲಿ ಬೆಂದೇ ಹೊರಬೀಳಬೇಕು. ಎರಡು ವರ್ಷಗಳ ಅನಂತರ, 2011ರಲ್ಲಿ, ಅದೇ ಕಲಾಶಾಲೆಯ ತಂಡ ಎತ್ತಿಕೊಂಡದ್ದು ಇದಕ್ಕೆ ಹೊಂದಿದ ಇನ್ನೊಂದು ಸಂದೇಹ: ಇಷ್ಟೆಲ್ಲ ಎಚ್ಚರವಿದ್ದೂ, ಪ್ರಯೋಗಶಾಲೆಗಳಲ್ಲಿ ಕಟ್ಟಿದ ಇಟ್ಟಿಗೆಗಳು ಹೊರಗಿನ ಪರಿಸರದಲ್ಲಿ ಈಗಾಗಲೇ ಸೇರಿಕೊಂಡಿರಬಹುದೇ? ಎಲ್ಲ ಇಟ್ಟಿಗೆಗಳ ಅಂಚಿನಲ್ಲಿಯೂ ಒಂದೇ ಬಗೆಯ ಅಕ್ಷರಕ್ರಮಗಳು ಇರುವುದರಿಂದ ಅಂಥ ಶೋಧ ಅಸಾಧ್ಯವೇನಲ್ಲ. ಜೋಡಣೆಯ ಅನುಕೂಲಕ್ಕಾಗಿ ನೈಟ್ ಕಲ್ಪಿಸಿದ ಗುರುತೇ ಪತ್ತೆದಾರನ ಸುಳಿವೂ ಆಗಬಲ್ಲದು. ಪ್ರತಿಯೊಂದು ತಂಡವೂ ತಾನು ಕಟ್ಟಿದ್ದರ ಬೆನ್ನುಹತ್ತಿ ಹೀಗೆ ಹೊರಗೆ ಹುಡುಕಲು ಹೋಗಬೇಕೆಂಬ ನಿಯಮ ಸ್ಪರ್ಧೆಯಲ್ಲಿ ಇದ್ದಿದ್ದರೆ ಒಳ್ಳೆಯದಿತ್ತು.