ಟಂಕಸಾಲೆಯ ತಪ್ಪು, ಸುತ್ತಿಗೆಯ ತಪ್ಪು

ಚಿತ್ರ ಸರಿಯಾಗಿ ಅಚ್ಚಾಗದ 5 ರೂಪಾಯಿ ನಾಣ್ಯ ಇದ್ದರೆ ಲಕ್ಷಗಟ್ಟಲೆ ಹಣ ಕೊಡುತ್ತೇವೆ ಎನ್ನುವ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಮಾಡದಕೆರೆಯಲ್ಲಿ ನಮ್ಮ ಬೀದಿಯ ಒಬ್ಬರು ಅದನ್ನು ನಂಬಿ ಫೋಟೋ ಕಳಿಸಿದರು. ಮೊದಲು ‘ರಿಜಿಸ್ಟ್ರೇಷನ್ ಫೀಸು’ ಎಂದು 1,500 ರೂಪಾಯಿ, ಆಮೇಲೆ ‘ಟ್ಯಾಕ್ಸ್’ ಎಂದು 4,000 ರೂಪಾಯಿ ಕಟ್ಟಿದರು. ಅಲ್ಲಿಂದ ಮುಂದೆ ಆ ನಂಬರ್ ಹತ್ತಲೇ ಇಲ್ಲ. ನಾಣ್ಯವನ್ನು ನಾನೂ ನೋಡಿದೆ. ಯಾರೋ ಸುತ್ತಿಗೆಯಲ್ಲಿ ಬಡಿದ ನಾಣ್ಯ ಅದು, ಅಷ್ಟೇ.

ಅಬ್ಬಾರ ಅಂಗಡಿಯ ಗಲ್ಲಾಕ್ಕೆ ಬರುವ ಚಿಲ್ಲರೆಯಲ್ಲಿ ಮೂರು ವರ್ಷದಿಂದ ನಾನು ಇಂಥವನ್ನು ಹುಡುಕುತ್ತಿದ್ದೇನೆ. ಅದರಿಂದ ತಿಳಿದದ್ದು ಇಷ್ಟು: ಟಂಕಸಾಲೆಯ ಒಳಗೆ ಆದ ತಪ್ಪಿಗೆ ಮಾತ್ರ ಸಂಗ್ರಾಹಕರು ಬೆಲೆ ಕೊಡುತ್ತಾರೆ. ಹೊರಗೆ ಬಂದ ಮೇಲೆ ಆದದ್ದು ಬರೀ ಹಾಳಾದ ನಾಣ್ಯ.

ನಮ್ಮ ದೇಶದ ನಾಣ್ಯಗಳು ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾದಲ್ಲಿ ತಯಾರಾಗುತ್ತವೆ. ಮೊದಲು ಉದ್ದನೆಯ ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ. ಮನೆಯಲ್ಲಿ ಲಟ್ಟಿಸಿದ ಹಿಟ್ಟಿನ ಮೇಲೆ ಡಬ್ಬಿಯ ಮುಚ್ಚಳ ಒತ್ತಿ ಪೂರಿ ತೆಗೆದ ಹಾಗೆ. ಆಮೇಲೆ ಬಿಲ್ಲೆಯ ಅಂಚನ್ನು ಎಬ್ಬಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಸುತ್ತಲೂ ಒಂದು ಉಂಗುರ ಇರುವುದರಿಂದ ಲೋಹ ಹೊರಗೆ ಹರಡುವುದಿಲ್ಲ. ಯಂತ್ರ ನಿಮಿಷಕ್ಕೆ ನೂರಾರು ನಾಣ್ಯ ಒತ್ತುವಾಗ ಒಂದೊಂದು ತಪ್ಪಿ ಹೋಗುತ್ತದೆ. ಅವುಗಳಲ್ಲಿ ಹೆಚ್ಚಿನವನ್ನು ಅಲ್ಲೇ ಆರಿಸಿ ತೆಗೆಯುತ್ತಾರೆ. ಕಣ್ತಪ್ಪಿಸಿ ಬಂದವೇ ಅಪರೂಪ.

ಮುಚ್ಚಳವನ್ನು ಹಳೆಯ ತೂತಿನ ಮೇಲೆ ಸ್ವಲ್ಪ ಸೇರಿಸಿ ಒತ್ತಿದರೆ ಪೂರಿಯ ಅಂಚು ಕಚ್ಚಿ ತಿಂದಂತೆ ಬರುತ್ತದಲ್ಲ, ನಾಣ್ಯದಲ್ಲೂ ಹಾಗಾಗುತ್ತದೆ. ಇದಕ್ಕೆ ‘ಕ್ಲಿಪ್’ ಎನ್ನುತ್ತಾರೆ. ಅರದಿಂದ ಉಜ್ಜಿಯೂ ಇದನ್ನು ಮಾಡಬಹುದು. ಆದರೆ ನಿಜವಾದ ಕ್ಲಿಪ್‌ನಲ್ಲಿ, ಕಚ್ಚಿದ ಜಾಗಕ್ಕೆ ನೇರ ಎದುರಿನ ಅಂಚು ಸಾಮಾನ್ಯವಾಗಿ ಮಸುಕಾಗಿರುತ್ತದೆ. ಅಂಚು ಎಬ್ಬಿಸುವಾಗ ಈ ಕಡೆ ಲೋಹ ಇರಲಿಲ್ಲ, ಹಾಗಾಗಿ ಆ ಕಡೆ ಒತ್ತಡ ಬೀಳಲಿಲ್ಲ. ಅರ ಹಿಡಿದವನಿಗೆ ಇದು ಹೊಳೆಯುವುದಿಲ್ಲ! ನನಗೆ ಸಿಕ್ಕ ಒಂದೇ ಒಂದು ಒಳ್ಳೆಯ ತಪ್ಪು ಇಂಥ 1 ರೂಪಾಯಿ. ಅದನ್ನು ತೆಗೆದುಕೊಳ್ಳುವಾಗ ಅಬ್ಬಾ ಗಲ್ಲಾಕ್ಕೆ ಬೇರೆ 1 ರೂಪಾಯಿ ಹಾಕಿಸಿಕೊಂಡರು. ಲೆಕ್ಕ ಲೆಕ್ಕವೇ.

ಇನ್ನೊಂದು ‘ಬ್ರೋಕೇಜ್’. ನಮ್ಮ ಕಾಮರ್ಸ್‌ನವರು ಇದನ್ನು ಬ್ರೋಕರೇಜ್ ಎಂದು ಓದಬೇಡಿ, ಇಲ್ಲಿ ದಲ್ಲಾಳಿ ಯಾರೂ ಇಲ್ಲ. ಒತ್ತಿದ ನಾಣ್ಯ ಅಚ್ಚಿಗೆ ಅಂಟಿಕೊಂಡು ಉಳಿದರೆ, ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗುತ್ತದೆ. ಆಗ ಒಂದು ಮುಖ ಸರಿಯಾಗಿದ್ದು, ಇನ್ನೊಂದರಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ತಗ್ಗಾಗಿ ಮೂಡುತ್ತದೆ. ಎರಡು ನಾಣ್ಯ ಸೇರಿಸಿ ವೈಸ್‌ನಲ್ಲಿ ಬಿಗಿದು ನಕಲಿ ಮಾಡುತ್ತಾರೆ. ಹಾಗೆ ಮಾಡಿದಾಗ ಮೊದಲಿದ್ದ ಚಿತ್ರ ಪೂರ್ತಿ ಅಳಿಯದೆ, ಚಪ್ಪಟೆಯಾಗಿ ಅಲ್ಲೇ ಉಳಿದಿರುತ್ತದೆ.

ತಪ್ಪೇ ಅಲ್ಲದ್ದನ್ನು ತಪ್ಪು ಎನ್ನುವವರೂ ಇದ್ದಾರೆ. ಇಸವಿಯ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ವಜ್ರದ ಆಕಾರ ಇದ್ದರೆ ಮುಂಬೈ. ಏನೂ ಇಲ್ಲದಿದ್ದರೆ ಗುರುತು ಬಿಟ್ಟುಹೋಗಿದೆ ಎಂದಲ್ಲ, ಅದು ಕೋಲ್ಕತ್ತಾದ್ದು. ರೂಪಾಯಿ ಚಿಹ್ನೆ ಇಲ್ಲದ 10 ರೂಪಾಯಿಯನ್ನು ಅಂಗಡಿಗಳಲ್ಲಿ ಬೇಡ ಎನ್ನುತ್ತಾರಲ್ಲ, ಆ ಚಿಹ್ನೆ ಬಂದದ್ದೇ 2010ರಲ್ಲಿ. ಆಗಿನವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ತಿಳಿಸಿದೆ.

ಹಳೆಯ ನಾಣ್ಯಗಳಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ಚಿತ್ರದುರ್ಗದಲ್ಲೂ ಒಂದು ಟಂಕಸಾಲೆ ಇತ್ತು. ಟಿಪ್ಪು ಸುಲ್ತಾನ್ ಊರಿಗೆ ಫರ್ರುಖ್‌ಯಾಬ್ ಹಿಸಾರ್ ಎಂದು ಹೆಸರಿಟ್ಟು, ಅಲ್ಲಿ ಆನೆಯ ಚಿತ್ರದ ತಾಮ್ರದ ನಾಣ್ಯ ಹೊರಡಿಸಿದ. ಅವುಗಳ ಮೇಲೆ ಊರ ಹೆಸರಿನ ಜೊತೆ ‘ಜರ್ಬ್’ ಎಂಬ ಪದ ಇರುತ್ತದೆ. ಮನೆಯಲ್ಲಿ ಉರ್ದು ಇರುವವರಿಗೆ ಗೊತ್ತು, ಜರ್ಬ್ ಎಂದರೆ ಏಟು. ನಿಜಕ್ಕೂ ಏಟೇ: ಕೈಯಿಂದ ಬಡಿದು ಮಾಡಿದ ನಾಣ್ಯಗಳವು. ಆದ್ದರಿಂದ ಆನೆಯ ಸೊಂಡಿಲೋ ಒಂದೆರಡು ಅಕ್ಷರವೋ ಅಂಚಿನ ಹೊರಗೆ ಹೋಗಿದ್ದರೆ ಅದು ಅಪರೂಪವಲ್ಲ, ಆ ಕಾಲದ ವಾಡಿಕೆ. 1787ರ ಸುಮಾರಿಗೆ ಟಿಪ್ಪು ಮೌಲೂದಿ ಎಂಬ ಹೊಸ ಶಕೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಉರ್ದುವಿನಲ್ಲೂ ನಾವು ಅಂಕಿಯನ್ನು ಎಡದಿಂದಲೇ ಓದುವುದರಿಂದ, 1215 ಎಂಬುದು ನಮಗೆ 5121 ಎಂದು ಕಾಣುತ್ತದೆ. ಇದನ್ನು ‘ಉಲ್ಟಾ ಇಸವಿ’ ಎಂದು ಹೆಚ್ಚು ಬೆಲೆಗೆ ಮಾರಲು ಬಂದರೆ ನಕ್ಕು ಕಳಿಸಿ.

ನಿಮ್ಮ ಕೈಗೆ ನಿಜವಾದ ತಪ್ಪು ಸಿಕ್ಕಿದರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಬೆಲೆ ಇಳಿಯುತ್ತದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಹಳೆಯ ನಾಣ್ಯ, ನೋಟಿನ ಇಂಥ ವ್ಯವಹಾರ ತಾನು ಮಾಡುವುದಿಲ್ಲ, ತನ್ನ ಹೆಸರಿನಲ್ಲಿ ಶುಲ್ಕ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿತ್ತು. ಅದನ್ನು ನಾನು ಪ್ರಿಂಟ್ ತೆಗೆದು ಅಬ್ಬಾರ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಹೋದ ತಿಂಗಳು ಅದನ್ನು ಓದಿದ ಗಿರಾಕಿಯೊಬ್ಬರು, ಕಟ್ಟಲೆಂದು ತಂದಿದ್ದ ಫೀಸಿನ ದುಡ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡರು.